ಚಿನ್ನದ ಬಾಯಿಯ ಸಂತ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈಗ್ಗೆ ಸಾವಿರದ ಆರುನೂರು ವರ್ಷಗಳ ಹಿಂದೆ ಬಾಳಿದ ಒಬ್ಬ ಧರ್ಮಗುರುವಿನ ವಿಷಯದಲ್ಲಿ ಈ ಗಾದೆಯ ಎರಡು ಭಾಗಗಳೂ ತಿರುಗುಮುರುಗಾದುವು. ಯೌವನದಲ್ಲಿ ಉಪವಾಸ ಮಾಡಿ ಮಾಡಿ ಆತ ಹೊಟ್ಟೆಯನ್ನು ಕೆಡಿಸಿಕೊಂಡ. ಸಾಯುವವರೆಗೂ ಅದು ನೆಟ್ಟಗಾಗಲಿಲ್ಲ. ಮಾತನ್ನಂತೂ ಆತನಷ್ಟು ಬಲ್ಲವರು ಆ ಕಾಲದ ಗ್ರೀಕ್ ಜಗತ್ತಿನಲ್ಲಿ ವಿರಳ. ಆದರೆ ಆ ಮಾತೇ ಆತನಿಗೆ ಶತ್ರುಗಳನ್ನು ತಂದಿತು, ಪದವಿಯನ್ನು ಕಳೆಯಿತು, ಕೊನೆಗೆ ಪ್ರಾಣಕ್ಕೂ ಎರವಾಯಿತು. ಲೋಕ ಆತನನ್ನು ‘ಕ್ರಿಸಾಸ್ಟಮ್’ ಎಂದು ಕರೆಯುತ್ತದೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ‘ಚಿನ್ನದ ಬಾಯಿಯವನು’. ಈ ಬಿರುದು ಬಂದದ್ದು ಸತ್ತ ಮೇಲೆ. ಬದುಕಿದ್ದಾಗ ಆತ ಎಲ್ಲರಿಗೂ ಬರಿಯ ಜಾನ್.

ಜಾನ್ ಹುಟ್ಟಿದ್ದು ಸಿರಿಯಾ ಪ್ರಾಂತದ ರಾಜಧಾನಿಯಾಗಿದ್ದ ಆಂಟಿಯೋಕ್ ನಗರದಲ್ಲಿ, ಸುಮಾರು ಕ್ರಿ.ಶ. ೩೪೭ರಲ್ಲಿ. ಇಂದು ಆ ಊರು ತುರ್ಕಿ ದೇಶದಲ್ಲಿದೆ; ಅಂತಾಕ್ಯ ಎಂದು ಅದರ ಹೆಸರು. ೨೦೨೩ರ ಫೆಬ್ರವರಿಯ ಭೂಕಂಪದಲ್ಲಿ ನುಚ್ಚುನೂರಾದದ್ದು ಇದೇ ಊರು. ಜಾನನ ತಂದೆ ಸೈನ್ಯದಲ್ಲಿ ಅಧಿಕಾರಿ. ಮಗ ಕೂಸಾಗಿದ್ದಾಗಲೇ ಆತ ತೀರಿಕೊಂಡ. ತಾಯಿ ಆಂಥೂಸಾಗೆ ಆಗ ಇಪ್ಪತ್ತು ವರ್ಷ. ಆಕೆ ಮರುಮದುವೆಯಾಗದೆ ಮಗನನ್ನು ಸಾಕಿ, ಲಿಬೇನಿಯಸ್ ಎಂಬ ವಿಖ್ಯಾತ ಭಾಷಣಶಾಸ್ತ್ರ ಪಂಡಿತನ ಬಳಿ ಓದಿಸಿದಳೆಂದು ಪ್ರತೀತಿ. ಲಿಬೇನಿಯಸ್ ಕ್ರೈಸ್ತನಲ್ಲ, ಗ್ರೀಕರ ಹಳೆಯ ದೇವತೆಗಳನ್ನು ಬಿಡದೆ ನಂಬಿದವನು. ಕೊನೆಗಾಲದಲ್ಲಿ, ನಿಮ್ಮ ಪೀಠಕ್ಕೆ ಯಾರು ತಕ್ಕವರೆಂದು ಶಿಷ್ಯರು ಕೇಳಿದಾಗ, ಕ್ರೈಸ್ತರು ಕದ್ದುಕೊಂಡು ಹೋಗದಿದ್ದರೆ ಜಾನನೇ ಇದ್ದನಲ್ಲ ಎಂದು ಆತ ಹಲುಬಿದನಂತೆ.

ಶಿಷ್ಯನಿಗೆ ವಕೀಲಿಯೂ ಬೇಡವಾಯಿತು, ಪಂಡಿತಪೀಠವೂ ಬೇಡವಾಯಿತು. ಊರಿನ ಹೊರಗಿನ ಬೆಟ್ಟಕ್ಕೆ ಹೋಗಿ ನಾಲ್ಕು ವರ್ಷ ಒಬ್ಬ ಮುದುಕ ಸಂನ್ಯಾಸಿಯ ಜೊತೆ, ಮತ್ತೆರಡು ವರ್ಷ ಒಬ್ಬನೇ ಗುಹೆಯಲ್ಲಿ, ತಪಸ್ಸು ಮಾಡಿದ. ನಿದ್ದೆ ಬಿಟ್ಟ, ಅನ್ನ ಬಿಟ್ಟ. ಚಳಿಯಲ್ಲಿ ಹೊಟ್ಟೆ ಮೂತ್ರಪಿಂಡಗಳು ಕೆಟ್ಟುಹೋದುವು. ವಿಧಿಯಿಲ್ಲದೆ ಊರಿಗೆ ಮರಳಿದ. ಆಂಟಿಯೋಕಿನ ಕ್ರೈಸ್ತ ಸಭೆಯಲ್ಲಿ ೩೮೧ರಲ್ಲಿ ಡೀಕನ್ ಆದ. ೩೮೬ರಲ್ಲಿ ಪಾದ್ರಿಯಾಗಿ ಉಪದೇಶಪೀಠವನ್ನೇರಿದ. ಬೆಟ್ಟಕ್ಕೆ ನಷ್ಟವಾದದ್ದು ಊರಿಗೆ ಲಾಭವಾಯಿತು.

ಆತನ ಉಪದೇಶಗಳನ್ನು ಶೀಘ್ರಲಿಪಿಕಾರರು ಕುಳಿತಲ್ಲೇ ಬರೆದುಕೊಳ್ಳುತ್ತಿದ್ದರು. ಆದ್ದರಿಂದಲೇ ಅವು ನೂರಾರು ಸಂಖ್ಯೆಯಲ್ಲಿ ನಮಗೆ ಉಳಿದಿವೆ. ಅವನ್ನು ಓದಿದರೆ ಹಳೆಯ ಕಾಲದ ಒಂದು ದೇವಾಲಯವೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ತಾನು ಧರ್ಮಗ್ರಂಥವನ್ನು ವಿವರಿಸುತ್ತಿದ್ದರೆ ಜನ ದೀಪ ಹಚ್ಚುವವನ ಕಡೆ ಕತ್ತು ತಿರುಗಿಸುತ್ತಾರೆಂದು ಆತ ಗದರಿಸುತ್ತಾನೆ. ಉಪದೇಶದಲ್ಲಿ ಮೈಮರೆತವರ ಹಣದ ಚೀಲಗಳನ್ನು ಗಂಟುಕಳ್ಳರು ಕತ್ತರಿಸುತ್ತಾರೆ, ಬರಿಗೈಲಿ ಬನ್ನಿ ಎಂದು ಎಚ್ಚರಿಸುತ್ತಾನೆ. ಒಳ್ಳೆಯ ಮಾತು ಬಂದಾಗ ಚಪ್ಪಾಳೆ ತಟ್ಟುವುದು ಅಂದಿನ ರೂಢಿ. ಚಪ್ಪಾಳೆ ಬೇಡ, ಹೇಳಿದ್ದನ್ನು ಮನೆಗೆ ಹೋಗಿ ಮಾಡಿ ತೋರಿಸಿ ಎಂದು ಬೇಡಿಕೊಂಡರೆ, ಆ ಮಾತಿಗೂ ಜನ ಚಪ್ಪಾಳೆ ತಟ್ಟುತ್ತಿದ್ದರು!

ಈ ವಾಕ್ಚಾತುರ್ಯಕ್ಕೆ ನಿಜವಾದ ಪರೀಕ್ಷೆ ಬಂದದ್ದು ೩೮೭ರಲ್ಲಿ. ಚಕ್ರವರ್ತಿ ಥಿಯೊಡೋಷಿಯಸ್ ಹೊಸ ತೆರಿಗೆಯೊಂದನ್ನು ಹೇರಿದ. ಆಂಟಿಯೋಕಿನ ಜನ ರೊಚ್ಚಿಗೆದ್ದು ಚಕ್ರವರ್ತಿಯ ಪ್ರತಿಮೆಯನ್ನೂ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಆತನ ರಾಣಿಯ ಪ್ರತಿಮೆಯನ್ನೂ ಕೆಡವಿ ಬೀದಿಯಲ್ಲಿ ಎಳೆದಾಡಿದರು. ಕೆಲವು ಗಂಟೆಗಳಲ್ಲಿ ಗಲಭೆ ಅಡಗಿತು. ಆಮೇಲೆ ಭಯ ಕವಿಯಿತು. ಅಂದಿನ ಕಾನೂನಿನಲ್ಲಿ ಅರಸನ ಪ್ರತಿಮೆಗೆ ಮಾಡಿದ ಅವಮಾನ ಅರಸನಿಗೇ ಮಾಡಿದ ದ್ರೋಹ. ಇಡೀ ಊರನ್ನೇ ಸುಟ್ಟು ಬೂದಿ ಮಾಡುತ್ತಾರೆಂಬ ವದಂತಿ ಹಬ್ಬಿತು. ಅದು ಹುಸಿ ಭಯವಲ್ಲ. ಮೂರೇ ವರ್ಷಗಳ ಮೇಲೆ, ೩೯೦ರಲ್ಲಿ, ಇದೇ ಚಕ್ರವರ್ತಿಯ ಕೋಪಕ್ಕೆ ಥೆಸಲೊನೀಕ ನಗರದಲ್ಲಿ ಸಾವಿರಾರು ಜನ ಬಲಿಯಾದರು.

ಆಂಟಿಯೋಕಿನ ವೃದ್ಧ ಬಿಷಪ್ ಫ್ಲೇವಿಯನ್, ಸಾವಿನ ಹಾಸಿಗೆಯಲ್ಲಿದ್ದ ತನ್ನ ಒಬ್ಬಳೇ ಸೋದರಿಯನ್ನು ಬಿಟ್ಟು, ಕ್ಷಮೆ ಬೇಡಲು ದೂರದ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ. ಊರನ್ನು ಸಂತೈಸುವ ಹೊಣೆ ಪಾದ್ರಿಯಾಗಿ ಒಂದೇ ವರ್ಷವಾಗಿದ್ದ ಜಾನನ ಮೇಲೆ ಬಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಆ ವಾರಗಳಲ್ಲಿ ಆತ ಮಾಡಿದ ಉಪದೇಶಗಳಿಗೆ ‘ಪ್ರತಿಮೆಗಳ ಕುರಿತ ಉಪದೇಶಗಳು’ ಎಂದೇ ಹೆಸರು. ವಿಚಾರಣೆ ನಡೆಯುತ್ತಿತ್ತು, ಕೆಲವರಿಗೆ ಮರಣದಂಡನೆಯೂ ಆಗಿತ್ತು. ಅಂಥ ಹೊತ್ತಿನಲ್ಲಿ ಆತ ಜನರಿಗೆ ಏನು ಹೇಳಿದ? ಎಲ್ಲ ಸರಿಹೋಗುತ್ತದೆಂಬ ಸುಲಭದ ಸಮಾಧಾನವನ್ನಲ್ಲ. ಸಾವಿಗಿಂತ ಪಾಪಕ್ಕೆ ಹೆದರಿ ಎಂದ. ಮಾತುಮಾತಿಗೂ ಆಣೆಯಿಡುವ ಚಟವನ್ನು ಈ ಉಪವಾಸ ಮುಗಿಯುವುದರೊಳಗೆ ಬಿಡಿ ಎಂದು ದಿನದಿನವೂ ಪೀಡಿಸಿದ. ಊರು ಮುಳುಗುವ ಹೊತ್ತಿನಲ್ಲಿ ಆಣೆಯ ಮಾತೇಕೆ ಎನ್ನಿಸಬಹುದು. ಭಯದಿಂದ ಕೈಕಾಲು ಬಿಟ್ಟವನಿಗೆ ಕೈಗೆಟಕುವ ಒಂದು ಕೆಲಸ ಕೊಟ್ಟರೆ ಆತ ಮತ್ತೆ ಮನುಷ್ಯನಾಗುತ್ತಾನೆ. ಈ ಮರ್ಮ ಜಾನನಿಗೆ ತಿಳಿದಿತ್ತೆಂದು ತೋರುತ್ತದೆ. ಈಸ್ಟರ್ ಹೊತ್ತಿಗೆ ಕ್ಷಮಾಪಣೆ ಬಂತು, ಊರು ಉಳಿಯಿತು.

ಜಾನನ ಬೋಧೆಯ ತಿರುಳು ಬಡವರ ವಿಷಯ. ಬೆಳ್ಳಿಯ ಶೌಚಪಾತ್ರೆಗಳನ್ನಿಟ್ಟುಕೊಂಡ ಶ್ರೀಮಂತರನ್ನು ಆತ ಹೆಸರು ಹೇಳದೆ ಹೀಯಾಳಿಸಿದ. ಇರುವುದನ್ನು ಇಲ್ಲದವರೊಡನೆ ಹಂಚಿಕೊಳ್ಳದಿರುವುದೂ ಒಂದು ಕಳ್ಳತನವೇ ಎಂದ. ಪೂಜಾಪೀಠಕ್ಕೆ ರೇಷ್ಮೆ ಹೊದಿಸಿ, ಬಾಗಿಲಲ್ಲಿ ಬತ್ತಲೆ ನಡುಗುವವನನ್ನು ದಾಟಿ ಹೋದರೆ ಆ ಪೂಜೆ ಕ್ರಿಸ್ತನಿಗೆ ಸಲ್ಲದು. ಏಕೆಂದರೆ ಬಾಗಿಲಲ್ಲಿರುವವನೇ ಕ್ರಿಸ್ತನೆಂದು ಆತನ ವಾದ. ಬರಿಯ ಭಾವಾವೇಶವಲ್ಲ, ಲೆಕ್ಕವೂ ಆತನಿಗೆ ಗೊತ್ತಿತ್ತು. ಆಂಟಿಯೋಕಿನಲ್ಲಿ ಹತ್ತರಲ್ಲೊಂದು ಪಾಲು ಶ್ರೀಮಂತರು, ಹತ್ತರಲ್ಲೊಂದು ಪಾಲು ಏನೂ ಇಲ್ಲದವರು, ಉಳಿದವರು ನಡುವಿನವರು ಎಂದು ಆತನ ಅಂದಾಜು. ಸಾಧಾರಣ ಸಿರಿವಂತನೊಬ್ಬನಷ್ಟೇ ಆದಾಯವಿರುವ ಸಭೆ ದಿನವೂ ೩,೦೦೦ ವಿಧವೆಯರನ್ನೂ ಕನ್ಯೆಯರನ್ನೂ ಪೋಷಿಸುತ್ತಿರುವಾಗ, ಇನ್ನು ಹತ್ತು ಜನ ಕೈ ಬಿಚ್ಚಿದರೆ ಊರಿನಲ್ಲಿ ಬಡವನೇ ಉಳಿಯಲಾರನೆಂದು ಆತ ಲೆಕ್ಕ ಹಾಕಿ ತೋರಿಸಿದ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆಂಟಿಯೋಕಿನ ಕ್ರೈಸ್ತರಲ್ಲಿ ಹಲವರು ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದರು. ಅವರನ್ನು ತಡೆಯಲೆಂದು ೩೮೬-೮೭ರಲ್ಲಿ ಜಾನ್ ಮಾಡಿದ ಉಪದೇಶಗಳಲ್ಲಿ ಯೆಹೂದ್ಯರ ಮೇಲೆ ಅತಿ ಕ್ರೂರವಾದ ಬೈಗುಳಗಳಿವೆ. ಆ ಕಾಲದ ಭಾಷಣಗಳ ರೀತಿಯೇ ಹಾಗೆಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಮುಂದಿನ ಶತಮಾನಗಳಲ್ಲಿ ಯೆಹೂದ್ಯದ್ವೇಷಿಗಳು ಆ ಮಾತುಗಳನ್ನೇ ಆಯುಧ ಮಾಡಿಕೊಂಡರು; ಇಪ್ಪತ್ತನೆಯ ಶತಮಾನದಲ್ಲಿ ನಾಜಿಗಳೂ ಅವನ್ನು ಬಳಸಿಕೊಂಡರು. ಊರನ್ನು ಕಾಯ್ದ ಬಾಯಿಯೇ ಈ ವಿಷವನ್ನೂ ಉಗುಳಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂತನ ಮಾತಿಗೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಜಾನನ ಕೀರ್ತಿ ರಾಜಧಾನಿಯನ್ನು ಮುಟ್ಟಿತು. ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ೩೯೭ರಲ್ಲಿ ತೀರಿಕೊಂಡಾಗ, ಥಿಯೊಡೋಷಿಯಸನ ಮಗ ಆರ್ಕೇಡಿಯಸ್ ಚಕ್ರವರ್ತಿಯಾಗಿದ್ದ. ಆಡಳಿತವೆಲ್ಲ ಯೂಟ್ರೋಪಿಯಸ್ ಎಂಬ ನಪುಂಸಕ ಕಂಚುಕಿಯ ಕೈಯಲ್ಲಿತ್ತು. ಆತನ ಆಯ್ಕೆ ಜಾನನ ಮೇಲೆ ಬಿತ್ತು. ಊರವರಿಗೆ ತಿಳಿದರೆ ಬಿಡಲಾರರೆಂದು, ಉಪಾಯದಿಂದ ಊರ ಹೊರಗೆ ಕರೆಸಿ, ಸರ್ಕಾರದ ಬಂಡಿಯಲ್ಲಿ ಕೂರಿಸಿ ಸಾಗಿಸಿದರು. ೩೯೮ರಲ್ಲಿ ಜಾನ್ ರಾಜಧಾನಿಯ ಬಿಷಪ್ ಆದ.

ಮರುವರ್ಷವೇ ಯೂಟ್ರೋಪಿಯಸನ ದೆಸೆ ತಿರುಗಿತು. ರಾಣಿ ಯೂಡಾಕ್ಸಿಯಾಳೂ ಸೇನಾಪತಿಗಳೂ ಎದುರುಬಿದ್ದರು. ಪ್ರಾಣಭಯದಿಂದ ಓಡಿಬಂದು ಆತ ದೇವಾಲಯದ ಬಲಿಪೀಠವನ್ನು ಅಪ್ಪಿಕೊಂಡ. ಅಪರಾಧಿಗಳಿಗೆ ದೇವಾಲಯದಲ್ಲಿ ಆಶ್ರಯ ಸಿಗದಂತೆ ಕಾನೂನು ಮಾಡಿಸಿದ್ದವನು ಆತನೇ! ಹೊರಗೆ ಸೈನಿಕರು ಆತನ ತಲೆ ಕೇಳುತ್ತಿದ್ದರು. ಒಳಗೆ ನೆರೆದ ಜನಕ್ಕೂ ಆತನ ಮೇಲೆ ಕನಿಕರವಿರಲಿಲ್ಲ. ಎಲ್ಲರಿಗೂ ಕೇಳಲೆಂದು ಜಾನ್ ದೇವಾಲಯದ ನಡುವಣ ವೇದಿಕೆಯಲ್ಲಿ ಕುಳಿತು ಮಾತನಾಡಿದ. ಧ್ವನಿವರ್ಧಕವಿಲ್ಲದ ಕಾಲ ಅದು. ಬಲಿಪೀಠದ ಬುಡದಲ್ಲಿ ನಡುಗುತ್ತಿದ್ದವನ ಎದುರಿಗೇ ಅಧಿಕಾರದ ಅನಿತ್ಯತೆಯನ್ನು ಕಟುವಾಗಿ ಬಣ್ಣಿಸಿದ. ಕೊನೆಗೆ ಆ ಶತ್ರುವನ್ನು ಕ್ಷಮಿಸಿ ಕಾಪಾಡಬೇಕೆಂದು ಕೇಳಿದ. ಜನ ಕಣ್ಣೀರಿಟ್ಟರು. ಮುಂದೆ ಯೂಟ್ರೋಪಿಯಸ್ ದೇವಾಲಯವನ್ನು ಬಿಟ್ಟು ಹೊರಬಂದ. ಮೊದಲು ಗಡೀಪಾರಾಗಿ ಆಮೇಲೆ ತಲೆಯನ್ನೂ ಕಳೆದುಕೊಂಡ. ಆದರೆ ಅಂದಿನ ಮಟ್ಟಿಗೆ ಮಾತು ಕತ್ತಿಯನ್ನು ತಡೆದಿತ್ತು.

ಬಿಷಪ್ಪರ ಮನೆಯ ಖರ್ಚುವೆಚ್ಚಗಳನ್ನು ಜಾನ್ ತನಿಖೆ ಮಾಡಿದ. ಅನಗತ್ಯವಾದದ್ದನ್ನು ಕಡಿದು ಆ ಹಣವನ್ನು ಆಸ್ಪತ್ರೆಗೆ ಕೊಟ್ಟ. ಇನ್ನೂ ಆಸ್ಪತ್ರೆಗಳನ್ನು ಕಟ್ಟಿಸಿ ವೈದ್ಯರನ್ನೂ ಅಡಿಗೆಯವರನ್ನೂ ನೇಮಿಸಿದ. ಇಗರ್ಜಿಯೊಂದಕ್ಕೆಂದು ತೆಗೆದಿರಿಸಿದ್ದ ಅಮೃತಶಿಲೆಯನ್ನು ಮಾರಿದ. ದೊಡ್ಡವರಿಗೆ ಔತಣವನ್ನು ನಿಲ್ಲಿಸಿ ಒಬ್ಬನೇ ಉಣ್ಣತೊಡಗಿದ. ೪೦೧ರಲ್ಲಿ ಎಫೆಸಸ್‌ಗೆ ಹೋಗಿ, ಹಣ ಕೊಟ್ಟು ಪದವಿ ಕೊಂಡ ಆರು ಮಂದಿ ಬಿಷಪ್ಪರನ್ನು ಕಿತ್ತುಹಾಕಿದ. ಸ್ವಭಾವ ಮೃದುವಲ್ಲ, ನಯವಾಗಿ ಹೇಳಬಹುದಾದ್ದನ್ನೂ ಆತ ಚಾಟಿಯಂತೆ ಬೀಸಿದ. ಪಾದ್ರಿಗಳು, ಸಿರಿವಂತ ಹೆಂಗಸರು, ಆಸ್ಥಾನಿಕರು, ಅಲೆಗ್ಸಾಂಡ್ರಿಯಾದ ಪ್ರಬಲ ಬಿಷಪ್ ಥಿಯೊಫಿಲಸ್, ಎಲ್ಲರೂ ಒಂದಾದರು. ೪೦೩ರಲ್ಲಿ ರಾಜಧಾನಿಯ ಎದುರುದಡದ ‘ಓಕ್ ಮರ’ವೆಂಬ ಸ್ಥಳದಲ್ಲಿ ಥಿಯೊಫಿಲಸ್ ಸಭೆ ಕೂಡಿಸಿ ಜಾನನನ್ನು ಪದಚ್ಯುತಗೊಳಿಸಿದ. ಅಮೃತಶಿಲೆ ಮಾರಿದ್ದು, ಒಬ್ಬನೇ ಉಂಡದ್ದು ಕೂಡ ಆಪಾದನೆಗಳ ಪಟ್ಟಿಯಲ್ಲಿದ್ದುವು! ಜಾನನನ್ನು ಊರ ಹೊರಗೆ ಕಳಿಸಿದರು. ಜನ ದಂಗೆಯೆದ್ದರು, ಅರಮನೆಯಲ್ಲೂ ಏನೋ ಅನಿಷ್ಟ ಸಂಭವಿಸಿ ರಾಣಿ ಬೆದರಿದಳು. ಕೂಡಲೇ ಮರಳಿ ಕರೆಸಿದರು.

ಆ ಶಾಂತಿ ಕೆಲವೇ ತಿಂಗಳು ಉಳಿಯಿತು. ಮಹಾದೇವಾಲಯದ ಸಮೀಪದಲ್ಲಿ ಕಂಬದ ಮೇಲೆ ರಾಣಿಯ ಬೆಳ್ಳಿಯ ಪ್ರತಿಮೆಯನ್ನು ನಿಲ್ಲಿಸಿ, ಕುಣಿತ ವಿನೋದಗಳ ಗದ್ದಲವೆಬ್ಬಿಸಿದರು. ಪೂಜೆಗೆ ಭಂಗವಾಯಿತೆಂದು ಜಾನ್ ಖಂಡಿಸಿದ. ಒಂದು ಕಾಲದಲ್ಲಿ ರಾಜಪ್ರತಿಮೆಗಳನ್ನು ಕೆಡವಿದ ಜನರನ್ನು ಮಾತಿನಿಂದ ಕಾಯ್ದಿದ್ದವನು, ಈಗ ರಾಣಿಯ ಪ್ರತಿಮೆಯೊಂದರ ದೆಸೆಯಿಂದ ತಾನೇ ಕೆಟ್ಟ. ಸುಮ್ಮನಿದ್ದಿದ್ದರೆ ಪದವಿ ಉಳಿಯುತ್ತಿತ್ತು. ಸುಮ್ಮನಿರುವುದೊಂದನ್ನೇ ಆತ ಕಲಿತಿರಲಿಲ್ಲ. ೪೦೪ರ ಜೂನ್‌ನಲ್ಲಿ ಗಡೀಪಾರಿನ ಆಜ್ಞೆಯಾಯಿತು. ಆತ ಹೊರಟ ರಾತ್ರಿ ದೇವಾಲಯಕ್ಕೆ ಬೆಂಕಿ ಬಿತ್ತು.

ಆರ್ಮೇನಿಯದ ಬೆಟ್ಟಗಳ ನಡುವಿನ ಕುಕೂಸಸ್ ಎಂಬ ಕೊಂಪೆಯಲ್ಲಿ ಆತನನ್ನಿಟ್ಟರು. ಉಪದೇಶಪೀಠ ಹೋಯಿತು, ಎದುರಿಗೆ ಜನವಿಲ್ಲ, ಚಪ್ಪಾಳೆಯಿಲ್ಲ. ಆಗ ಆತ ಲೇಖನಿ ಹಿಡಿದ. ಆ ವರ್ಷಗಳ ಸುಮಾರು ೨೪೦ ಪತ್ರಗಳು ನಮಗೆ ದೊರೆತಿವೆ. ಅವುಗಳಲ್ಲಿ ೧೭ ಒಲಿಂಪಿಯಾಸ್ ಎಂಬಾಕೆಗೆ ಬರೆದವು. ಆಕೆ ತನ್ನ ಅಪಾರ ಆಸ್ತಿಯನ್ನು ಸಭೆಗೂ ಬಡವರಿಗೂ ಕೊಟ್ಟ ವಿಧವೆ; ಜಾನನ ಪರ ನಿಂತು ತಾನೂ ಶಿಕ್ಷೆಗೊಳಗಾದವಳು. ಚಳಿಗಾಲದಲ್ಲಿ ಕಂಬಳಿಗಳನ್ನು ಹೊದ್ದು, ಬೆಂಕಿಯ ಹೊಗೆಯಲ್ಲಿ ಕೆಮ್ಮುತ್ತ, ವಾಂತಿ ತಲೆನೋವುಗಳಿಂದ ನರಳುತ್ತಿದ್ದವನು, ಎದೆಗುಂದಬೇಡವೆಂದು ಆಕೆಗೆ ಧೈರ್ಯ ಹೇಳುತ್ತಾನೆ. ಮನುಷ್ಯ ತಾನೇ ತನಗೆ ಕೇಡು ಮಾಡಿಕೊಳ್ಳದ ಹೊರತು ಬೇರಾರೂ ಅವನಿಗೆ ನಿಜವಾದ ಕೇಡು ಮಾಡಲಾರರು ಎಂಬುದೇ ಆ ಕಾಲದ ಆತನ ಬೋಧೆ. ಪೀಠದಲ್ಲಿ ಕುಳಿತು ಇದನ್ನು ಹೇಳುವುದು ಸುಲಭ. ಜಾನ್ ಹೇಳಿದ್ದು ಗಡೀಪಾರಿನ ಹಾಸಿಗೆಯಿಂದ.

ಪತ್ರಗಳಿಗೂ ಆಸ್ಥಾನ ಹೆದರಿತು. ಕಪ್ಪುಸಮುದ್ರದ ಆಚೆದಡದ ಪಿಟಿಯಸ್‌ಗೆ ಸಾಗಿಸಿರೆಂದು ಅಪ್ಪಣೆಯಾಯಿತು. ಬಿಸಿಲು ಮಳೆಯೆನ್ನದೆ ಕಾವಲುಗಾರರು ಆ ರೋಗಿಯನ್ನು ನಡೆಸಿದರು. ೪೦೭ರ ಸೆಪ್ಟೆಂಬರ್ ೧೪ರಂದು, ದಾರಿಯಲ್ಲಿ, ಕೊಮಾನಾ ಎಂಬ ಊರಿನ ಬಳಿಯ ಗುಡಿಯೊಂದರಲ್ಲಿ ಆತ ಪ್ರಾಣಬಿಟ್ಟ. ಎಲ್ಲಕ್ಕಾಗಿಯೂ ದೇವರನ್ನು ಕೊಂಡಾಡಿದ್ದೇ ಆತನ ಕಡೆಯ ಮಾತೆಂದು ಶಿಷ್ಯ ಪಲ್ಲೇಡಿಯಸ್ ದಾಖಲಿಸಿದ್ದಾನೆ.

ಮೂವತ್ತೊಂದು ವರ್ಷಗಳ ಮೇಲೆ, ೪೩೮ರಲ್ಲಿ, ಜಾನನ ಅಸ್ಥಿಗಳು ರಾಜಧಾನಿಗೆ ಬಂದುವು. ಆಗ ಚಕ್ರವರ್ತಿಯಾಗಿದ್ದವನು ಆರ್ಕೇಡಿಯಸ್ ಯೂಡಾಕ್ಸಿಯರ ಮಗ ಎರಡನೆಯ ಥಿಯೊಡೋಷಿಯಸ್. ಆತ ಪೆಟ್ಟಿಗೆಯ ಮೇಲೆ ಹಣೆಯಿಟ್ಟು, ನನ್ನ ತಂದೆತಾಯಿಗಳ ತಪ್ಪನ್ನು ಕ್ಷಮಿಸು ಎಂದು ಬೇಡಿಕೊಂಡನಂತೆ. ೧೨೦೪ರಲ್ಲಿ ನಗರ ಸೂರೆಯಾದಾಗ ಅಸ್ಥಿಗಳು ರೋಮಿಗೆ ಹೋದುವು; ಎಂಟುನೂರು ವರ್ಷಗಳ ಮೇಲೆ, ೨೦೦೪ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಅವುಗಳನ್ನು ಹಿಂದಿರುಗಿಸಿದರು. ಪೌರಸ್ತ್ಯ ಸಭೆಗಳಲ್ಲಿ ಇಂದಿಗೂ ಹೆಚ್ಚಿನ ಭಾನುವಾರಗಳಂದು ನಡೆಯುವ ಪೂಜಾವಿಧಿ ಜಾನನ ಹೆಸರಿನದೇ. ರಾಣಿಯ ಪ್ರತಿಮೆ ನಿಂತಿದ್ದ ಕಂಬದ ಬುಡಗಲ್ಲು ಇಸ್ತಾಂಬುಲಿನಲ್ಲಿ ಇನ್ನೂ ಇದೆ. ಮೇಲಿದ್ದ ಬೆಳ್ಳಿ ಎಂದೋ ಕರಗಿಹೋಗಿದೆ.

ಮಾತನ್ನು ನೆಚ್ಚಿಕೊಂಡವರು ಲೋಕದಲ್ಲಿ ಬಹಳ ಮಂದಿ. ಆಡಿದ ಮಾತಿಗೆ ಬೆಲೆ ತೆತ್ತವರು ಕಡಿಮೆ. ಜಾನನ ಬಾಯಿ ಚಿನ್ನವೆನಿಸಿಕೊಂಡದ್ದು ಇಂಪಿನಿಂದಷ್ಟೇ ಅಲ್ಲ. ಚಿನ್ನದಂತೆ ಅದೂ ಬೆಂಕಿಗೆ ಬಿತ್ತು. ಬೆಂಕಿಯಲ್ಲಿ ಅದರ ಕಿಟ್ಟವೂ ಕಾಣಿಸಿತು, ಬಣ್ಣವೂ ಕಾಣಿಸಿತು.