ಆಂಗ್ಲ ದೇಶದಲ್ಲಿ ಪಾಲ್ವಣಕರ ಬಾಲೂ

ಕಾಫಿಯ ಕೊಯ್ಲು ಮುಗಿದು ಕಣವು ಬರಿದಾದೊಡನೆ ವನಗೂರಿನಂತಹ ಮಲೆಯೂರುಗಳ ಹುಡುಗರು ಅಲ್ಲಿ ಮೂರು ಕೋಲುಗಳನ್ನು ನಿಲ್ಲಿಸಿ ಕ್ರಿಕೆಟ್ ಆಟಕ್ಕೆ ಇಳಿಯುವರು. ಈ ಜಿಲ್ಲೆಯವರಿಗೆ ಆ ಆಟದಲ್ಲಿ ಅಭಿಮಾನಕ್ಕೆ ಕಾರಣವುಂಟು. ಲಕ್ಷ್ಮೀನರಸಿಂಹ ದೇಗುಲದಿಂದ ಪ್ರಸಿದ್ಧವಾದ ಜಾವಗಲ್ಲಿನ ಹೆಸರನ್ನು ಹೊತ್ತ ಶ್ರೀನಾಥರು 1995ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ತಂಡಕ್ಕೆ ವೇತನದ ಆಟಗಾರರಾಗಿ ಸೇರಿ, ಒಂದೇ ಬೇಸಗೆಯಲ್ಲಿ 87 ವಿಕೆಟ್ಟುಗಳನ್ನು ಉರುಳಿಸಿದರು. ಪರದೇಶದಲ್ಲಿ ಹಣಕ್ಕಾಗಿ ಚೆಂಡು ಹಾಕುವುದು ಇಂದು ಗೌರವದ ವೃತ್ತಿಯೆನಿಸಿದೆ. ಅದಕ್ಕೆ 84 ವರ್ಷಗಳ ಮುಂಚೆ, 1911ರಲ್ಲಿ, ಧಾರವಾಡದಲ್ಲಿ ಹುಟ್ಟಿದ ಒಬ್ಬ ಚೆಂಡುಗಾರರು ಅದೇ ದೇಶದ ಬಯಲುಗಳಲ್ಲಿ 114 ವಿಕೆಟ್ಟುಗಳನ್ನು ಪಡೆದು ಮರಳಿದ್ದರು. ಅವರ ಹೆಸರು ಪಾಲ್ವಣಕರ ಬಾಲೂ. ಅವರ ಚರಿತ್ರೆಯು ಆಟದ ಚರಿತ್ರೆಯಷ್ಟೇ ಅಲ್ಲ.

ಬಾಲೂ ಅವರು ಹುಟ್ಟಿದುದು 1870ರ ದಶಕದ ಮಧ್ಯಭಾಗದಲ್ಲಿ. ಕರ್ಣಾಟಕದೊಡನೆ ಅವರಿಗಿದ್ದ ನಂಟು ಹುಟ್ಟಿನದು. ಬೆಳೆದುದೂ ದುಡಿದುದೂ ಪುಣೆ ಮುಂಬಯಿಗಳಲ್ಲಿ. ಚರ್ಮದ ಕಸುಬಿನದೆಂದು ಸಮಾಜವು ದೂರವಿಟ್ಟ ಸಮುದಾಯಕ್ಕೆ ಸೇರಿದ ಕುಟುಂಬವದು. ಪುಣೆಯಲ್ಲಿ ಮೊದಲು ಪಾರಸಿಗಳ ಒಂದು ಸಂಘದಲ್ಲಿ ತಿಂಗಳಿಗೆ 3 ರೂಪಾಯಿಗೆ ಬಯಲನ್ನು ಗುಡಿಸುವ ಕೆಲಸ ದೊರೆಯಿತು. ಬಳಿಕ ಐರೋಪ್ಯರ ಪೂನಾ ಜಿಮಖಾನದಲ್ಲಿ 4 ರೂಪಾಯಿ ಸಂಬಳ. ನೆಲಕ್ಕೆ ಉರುಳೆ ಎಳೆಯುವುದು, ಬಲೆ ಕಟ್ಟುವುದು, ದೊರೆಗಳು ಅಭ್ಯಾಸಕ್ಕೆ ಬಂದಾಗ ಚೆಂಡು ಹಾಕುವುದು, ಇವು ಅವರ ಚಾಕರಿ. ಎಡಗೈಯಿಂದ ನಿಧಾನವಾಗಿ ಹಾಕುವ ಚೆಂಡನ್ನು ಎರಡು ಕಡೆಗೂ ತಿರುಗಿಸುವ ವಿದ್ಯೆಯನ್ನು ಅವರು ಕಲಿತುದು ಹೀಗೆ. ಗಂಟೆಗಟ್ಟಲೆ ಚೆಂಡು ಹಾಕಿದವರಿಗೆ ಅಲ್ಲಿ ಒಮ್ಮೆಯೂ ದಾಂಡು ಹಿಡಿಯುವ ಅವಕಾಶವಿರಲಿಲ್ಲ. ದಾಂಡು ದೊರೆಗಳದು, ಚೆಂಡಿನ ದುಡಿಮೆ ಆಳಿನದು ಎಂಬುದು ಅಂದಿನ ಕ್ರಮ.

ಐರೋಪ್ಯರನ್ನು ಸೋಲಿಸಬೇಕೆಂಬ ಹಟವಿದ್ದ ಪುಣೆಯ ಹಿಂದೂ ತಂಡದವರಿಗೆ ಈ ಕೈಯ ಬೆಲೆ ತಿಳಿಯಿತು. ಆದರೆ ಅಸ್ಪೃಶ್ಯನೆನಿಸಿದವನನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ಅವರಲ್ಲಿ ವಾದವಾಯಿತು. ಕೊನೆಗೆ ಒಂದು ವಿಚಿತ್ರವಾದ ಒಪ್ಪಂದವೇರ್ಪಟ್ಟಿತು. ಬಯಲಿನಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನೇ ಬಾಲೂ ಅವರೂ ಮುಟ್ಟಬಹುದು. ವಿರಾಮದ ವೇಳೆಯಲ್ಲಿ ಮಾತ್ರ ಅವರಿಗೆ ಚಹವು ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. ಊಟವು ಬೇರೆ ತಟ್ಟೆಯಲ್ಲಿ, ಬೇರೆ ಮೇಜಿನ ಮೇಲೆ. ಚೆಂಡಾದರೋ ಚರ್ಮದ್ದೇ. ಚರ್ಮವನ್ನು ಮುಟ್ಟಿದರೆಂದು ಒಂದು ಕುಲವನ್ನು ಮೈಲಿಗೆಯೆಂದವರು ಅದೇ ಚರ್ಮದ ಗುಂಡನ್ನು ದಿನವೆಲ್ಲ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇದರಲ್ಲಿಯ ವಿರೋಧವು ಅವರಿಗೆ ಕಾಣಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಾಲೂ ಅವರು ಮುಂಬಯಿಗೆ ಬಂದರು. ಸೈನ್ಯದಲ್ಲಿ ಕೆಲವು ಕಾಲ, ಅನಂತರ ಬಿ. ಬಿ. ಸಿ. ಐ. ರೈಲ್ವೆಯಲ್ಲಿ ಉದ್ಯೋಗ, ಎಲ್ಲಿ ಕೆಲಸವೋ ಅಲ್ಲಿಯ ತಂಡಕ್ಕೆ ಆಟ. ಮುಂಬಯಿಯ ಹಿಂದೂ ಜಿಮಖಾನವೂ ಅವರನ್ನು ಕರೆದುಕೊಂಡಿತು. 1906ರಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ ಬಾಲೂ ಅವರ ಚೆಂಡುಗಾರಿಕೆಯೂ ಗೆಲುವಿಗೆ ಕಾರಣವಾಯಿತು. ಅಷ್ಟು ಹೊತ್ತಿಗೆ ಜಿಮಖಾನದ ಭೋಜನಶಾಲೆಯಲ್ಲಿ ಅವರು ಉಳಿದವರೊಡನೆ ಕುಳಿತುಣ್ಣುವಂತಾಗಿತ್ತು. ಪುಣೆಯ ಕಟ್ಟಳೆ ಸಡಿಲವಾದಲ್ಲಿ ಗೆಲುವೂ ಒದಗಿತೆಂದು ಸುಧಾರಕರು ಬರೆದುದು ಸಹಜವೇ.

1911ರಲ್ಲಿ ಭಾರತದ ತಂಡವೊಂದು ಪಟಿಯಾಲೆಯ ಮಹಾರಾಜ ಭೂಪಿಂದರ ಸಿಂಹರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೊರಟಿತು. ಪಾರಸಿಗಳೂ ಹಿಂದೂಗಳೂ ಮುಸಲ್ಮಾನರೂ ಸೇರಿದ್ದ ಆ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಮರಿದ್ದರು, ಬಾಲೂ ಅವರೊಡನೆ ತಮ್ಮ ಶಿವರಾಮರೂ ಇದ್ದರು. ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ. ಮಹಾರಾಜರು ಕೆಲವೇ ಪಂದ್ಯಗಳನ್ನಾಡಿ ಔತಣಗಳ ಕಡೆಗೆ ತಿರುಗಿದರು. ನಾಯಕನಿಲ್ಲದ ತಂಡದ ಹೊರೆಯು ಮೂವತ್ತೈದರ ಆಸುಪಾಸಿನಲ್ಲಿದ್ದ ಬಾಲೂ ಅವರ ಎಡದೋಳಿನ ಮೇಲೆ ಬಿತ್ತು. ಭುಜದ ನೋವಿದ್ದರೂ ಅವರು ಒಂದೂರಿನಿಂದ ಇನ್ನೊಂದೂರಿಗೆ ತಿರುಗುತ್ತ ಚೆಂಡು ಹಾಕಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 8 ವಿಕೆಟ್; ಲೀಸ್ಟರ್‌ಶೈರಿನ ವಿರುದ್ಧ ಒಟ್ಟು 11, ಅಲ್ಲಿ ಭಾರತಕ್ಕೆ ಜಯ. ಟಾಂಟನ್ನಿನಲ್ಲಿ ಸಾಮರ್‌ಸೆಟ್ಟಿನ ಮೇಲೆ ಶಿವರಾಮರು 113 ಓಟ ಗಳಿಸಿ ಔಟಾಗದೆ ನಿಂತು, ಒಂದೇ ವಿಕೆಟ್ ಉಳಿದಿರಲು ಗೆಲುವನ್ನು ತಂದರು. ತಂಡವು ಆಡಿದ 23 ಪಂದ್ಯಗಳಲ್ಲಿ ಗೆದ್ದುದು 6, ಸೋತುದು 15. ಸೋಲುವ ತಂಡದಲ್ಲಿದ್ದು ಒಬ್ಬರೇ 114 ವಿಕೆಟ್ಟುಗಳನ್ನು ಪಡೆದುದು ಸಣ್ಣ ಮಾತಲ್ಲ.

ಅವರು ಮರಳಿದಾಗ ಮುಂಬಯಿಯ ದಲಿತ ವರ್ಗದವರು ಸಭೆ ಸೇರಿಸಿ ಗೌರವಿಸಿದರು. ಅಂದಿನ ಬಿನ್ನವತ್ತಳೆಯನ್ನು ಬರೆದವರು ಆಗಿನ್ನೂ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡಕರರು. ಇತ್ತ ಹಿಂದೂ ತಂಡದ ನಾಯಕತ್ವ ಮಾತ್ರ ಬಾಲೂ ಅವರಿಗೆ ಬರಲಿಲ್ಲ. ಅನುಭವದಲ್ಲಿ ಅವರಿಗೆ ಸಮನಾದವರು ವಿರಳವಾಗಿದ್ದರೂ ಆ ಸ್ಥಾನವು ವರ್ಷ ವರ್ಷವೂ ಮೇಲ್ಜಾತಿಯವರ ಪಾಲಾಯಿತು. 1920ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ಅಸ್ವಸ್ಥರಾದಾಗಲೂ ಬೇರೊಬ್ಬರನ್ನೇ ಆರಿಸಿ, ಬಾಲೂ ಅವರನ್ನು ತಂಡದಿಂದಲೇ ಬಿಟ್ಟರು. ತಮ್ಮಂದಿರಾದ ವಿಠ್ಠಲ ಶಿವರಾಮರು ಇದು ಜಾತಿಯ ಕಾರಣದಿಂದಾದ ಅನ್ಯಾಯವೆಂದು ಬಹಿರಂಗವಾಗಿ ಹೇಳಿ ಹಿಂದೆ ಸರಿದರು. ಊರು ಅವರ ಪಕ್ಷವಾಯಿತು. ಕೊನೆಯ ಪಂದ್ಯಕ್ಕೆ ಬಾಲೂ ಅವರನ್ನು ಉಪನಾಯಕರಾಗಿ ಕರೆಯಲಾಯಿತು. ಪೈ ಅವರು ಕೆಲವು ಹೊತ್ತು ಬಯಲನ್ನು ಬಿಟ್ಟು ಹೋಗಿ ಅವರಿಗೆ ನಾಯಕತ್ವವನ್ನು ಒಪ್ಪಿಸಿದರು. ಇಪ್ಪತ್ತು ವರ್ಷಗಳ ದುಡಿಮೆಗೆ ಸಂದ ಪದವಿಯು ಅಷ್ಟು ಹೊತ್ತಿನದು. ಅಣ್ಣನಿಗೆ ನಿರಾಕರಿಸಿದುದು 1923ರಲ್ಲಿ ವಿಠ್ಠಲರಿಗೆ ದೊರೆಯಿತು, ಮತ್ತು ಆ ವರ್ಷ ಹಿಂದೂ ತಂಡವು ಗೆದ್ದಿತು.

ಆಟವನ್ನು ಬಿಟ್ಟ ಬಳಿಕ ಬಾಲೂ ಅವರು ಸಾರ್ವಜನಿಕ ಜೀವನಕ್ಕೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೊಬ್ಬರು. 1937ರಲ್ಲಿ ಕಾಂಗ್ರೆಸ್ಸಿನ ಪರವಾಗಿ ಚುನಾವಣೆಗೆ ನಿಂತು, ಒಂದು ಕಾಲಕ್ಕೆ ತಮಗೆ ಬಿನ್ನವತ್ತಳೆ ಬರೆದ ಅಂಬೇಡಕರರ ಎದುರಿನಲ್ಲಿಯೇ ಸುಮಾರು ಎರಡು ಸಾವಿರ ಮತಗಳಿಂದ ಸೋತರು. 1955ರಲ್ಲಿ ತೀರಿಕೊಂಡರು.

ಇಂಗ್ಲೆಂಡಿನ ಬಯಲುಗಳಲ್ಲಿ ಅವರನ್ನು ಅಳೆದುದು ಚೆಂಡಿನ ತಿರುವಿನಿಂದ. ಅಲ್ಲಿಯವರಿಗೆ ಅವರ ಕುಲವು ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಸ್ವದೇಶದಲ್ಲಿ ಅವರ ಕೈ ಎಲ್ಲರಿಗೂ ಬೇಕಾಗಿತ್ತು, ಕೈಯೊಡನೆ ಬರುವ ಮನುಷ್ಯನು ಬೇಡವಾಗಿದ್ದನು. ಕಾಫಿಯ ಕಣದಲ್ಲಿ ಆಡಿ ದಣಿದ ಹುಡುಗರು ಒಂದೇ ಚೊಂಬಿನ ನೀರನ್ನು ಹಂಚಿಕೊಳ್ಳುವಾಗ, ಅಂತಹ ನೀರಿಗಾಗಿ ಹೊರಗೆ ಕಾದು ನಿಂತ ಆ ಮಹಾ ಚೆಂಡುಗಾರರ ಹೆಸರನ್ನು ಮನೆಯ ಹಿರಿಯರು ಅವರಿಗೆ ತಿಳಿಸುವುದು ಯೋಗ್ಯವಾದುದು.