ವೈದ್ಯಶೋಧನೆಗೆ ದ್ರವ್ಯಸಹಾಯ: ಬೆಂಗಳೂರಿನ ಉತ್ತರಸೀಮೆಯ ಒಂದು ಚರಿತ್ರೆ

ಬಾಗಲೂರಿನಿಂದ ಕಟ್ಟಿಗೇನಹಳ್ಳಿ, ಕೋಗಿಲುಗಳನ್ನು ದಾಟಿ ಬಳ್ಳಾರಿ ರಸ್ತೆಯನ್ನು ಸೇರಿ ಬೆಂಗಳೂರಿಗೆ ಹೋಗುವ ನಮ್ಮ ಭಕ್ತಾದಿಗಳಿಗೆ, ಆ ಮಾರ್ಗದ ಎಡಬಲಗಳಲ್ಲಿ ದೊಡ್ಡ ದೊಡ್ಡ ಕಟ್ಟಡಗಳೂ ನೆರಳಿನ ತೋಪುಗಳೂ ಕಾಣುವುದು ದಿನನಿತ್ಯದ ಸಂಗತಿಯಾಗಿದೆ. ಅವುಗಳಲ್ಲಿ ಕೆಲವು ರೋಗದ ಮೂಲವನ್ನು ಶೋಧಿಸುವ, ಔಷಧಗಳನ್ನೂ ಉಪಕರಣಗಳನ್ನೂ ಹೊಸದಾಗಿ ನಿರ್ಮಿಸುವ ಸ್ಥಾನಗಳೆಂಬುದನ್ನು ಬಲ್ಲವರು ವಿರಳ. ಇವುಗಳಿಗೆ ದ್ರವ್ಯವು ಎಲ್ಲಿಂದ ಬಂದಿತು, ಕೊಟ್ಟವರು ಫಲವನ್ನು ಕಂಡ ಮೇಲೆ ಕೊಟ್ಟರೋ ಕಾಣುವ ಮುನ್ನವೇ ಕೊಟ್ಟರೋ ಎಂಬುದನ್ನು ಈ ಮಹೋತ್ಸವ ಸಂಪುಟದಲ್ಲಿ ಕಿಂಚಿತ್ ನಿರೂಪಿಸಬೇಕೆಂದು ಬಗೆದಿದ್ದೇನೆ. ವ್ಯಾಕರಣ ಸಾಹಿತ್ಯಗಳಲ್ಲಿಯೇ ಕಾಲ ಕಳೆದ ಪಾಠಶಾಲೆಯವನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಕೆಲವರು ಕೇಳಬಹುದು. ದಾನದ ಚರಿತ್ರೆಯನ್ನು ಬರೆಯುವುದು ಮಠದಲ್ಲಿ ಬೆಳೆದವನಿಗೆ ಅಪರಿಚಿತವಾದ ಕಾರ್ಯವಲ್ಲವೆಂದಷ್ಟೇ ಬಿನ್ನವಿಸುವೆನು.

ಮೊದಲು ಹೆಬ್ಬಾಳ. ಪ್ಲೇಗಿನ ಮಾರಿಯು ಬೆಂಗಳೂರನ್ನು ಹೊಕ್ಕ ಮರುವರ್ಷ, ಅಂದರೆ 1899ನೆಯ ಇಸವಿಯಲ್ಲಿ, ಬಾಲಕರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರ ಪರವಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಅಲ್ಲಿ 30 ಎಕರೆ ಭೂಮಿಯನ್ನು ಕೃಷಿಯ ಪ್ರಯೋಗಗಳಿಗಾಗಿ ಬಿಟ್ಟುಕೊಟ್ಟರು. ಅದೇ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಅದಕ್ಕೆ ಕಾರಣ ದನಗಳ ದೊಡ್ಡರೋಗ. ಮೊದಲು ಜ್ವರ, ಆಮೇಲೆ ಬಾಯಿಹುಣ್ಣು, ಕಡೆಗೆ ಭೇದಿ. ಹತ್ತು ಹನ್ನೆರಡು ದಿನಗಳೊಳಗಾಗಿ ಎತ್ತು ನೆಲ ಹಿಡಿಯುತ್ತಿತ್ತು. ನಮ್ಮ ಅಜ್ಜಿಯವರು ಈ ರೋಗದ ಹೆಸರನ್ನೆತ್ತುವಾಗ ದನಿಯನ್ನು ತಗ್ಗಿಸುತ್ತಿದ್ದುದು ನನಗೆ ಇನ್ನೂ ನೆನಪಿದೆ. ಎತ್ತು ಸತ್ತರೆ ಉಳುಮೆ ನಿಂತಿತು, ಉಳುಮೆ ನಿಂತರೆ ಮನೆಯ ಒಲೆಯೂ ನಿಂತಿತು.

ಆ ಸಂಸ್ಥೆಯ ಕೆಲಸವು ಹೇಗೆ ನಡೆಯುತ್ತಿತ್ತೆಂಬುದನ್ನು ರೈತಾಪಿ ಮಹಾಜನರು ಸುಲಭವಾಗಿ ಗ್ರಹಿಸಬಹುದು. ರೋಗವನ್ನು ಗೆದ್ದ ದನದ ನೆತ್ತರಿನ ತಿಳಿಭಾಗದಲ್ಲಿ ಆ ರೋಗವನ್ನು ತಡೆಯುವ ಶಕ್ತಿಯು ಉಳಿದಿರುವುದು. ಆ ತಿಳಿಯೇ ಸೀರಮ್. ಅದನ್ನು ಬೇರ್ಪಡಿಸಿ ರೋಗ ತಗಲುವ ಭಯವಿರುವ ಮಂದೆಗೆ ಚುಚ್ಚಿದರೆ ಕೆಲವು ದಿನಗಳ ಮಟ್ಟಿಗೆ ರಕ್ಷಣೆಯುಂಟು. ಬಳಿಕ ಅದು ಕರಗಿಹೋಗುವುದು. ಹೀಗಾಗಿ, ಊರಿನಲ್ಲಿ ರೋಗವಿಲ್ಲದ ವರ್ಷವೂ ದನಗಳನ್ನು ಸಾಕಿ, ಸೀರಮ್ಮನ್ನು ಸಿದ್ಧಪಡಿಸಿ ಇಟ್ಟುಕೊಂಡಿರಬೇಕಾಗಿತ್ತು. ರೋಗ ಬಾರದಿದ್ದಾಗ ಈ ವೆಚ್ಚವೇಕೆಂದು ಕೇಳುವುದು ಸುಲಭ. ಕೇಳದೆ ಕೊಡುತ್ತ ಹೋದುದರಿಂದಲೇ ಆ ಮನೆ ಉಳಿಯಿತು. ತರುವಾಯ ಹೆಚ್ಚು ಕಾಲ ನಿಲ್ಲುವ ಲಸಿಕೆಗಳು ಬಂದವು. 1954ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವು ಆರಂಭವಾಯಿತು. 2006ರಲ್ಲಿ ಭಾರತವೂ, 2011ರಲ್ಲಿ ಸಮಸ್ತ ಲೋಕವೂ ದೊಡ್ಡರೋಗದಿಂದ ಮುಕ್ತವೆಂದು ಘೋಷಿಸಲ್ಪಟ್ಟವು. ಸಿಡುಬಿನ ತರುವಾಯ ಭೂಮಿಯಿಂದಲೇ ಅಳಿಸಿಹೋದ ರೋಗವು ಇದೊಂದೇ. ಹೆಬ್ಬಾಳದ ಆ ಸಂಸ್ಥೆಯು ಹೆಸರು ಬದಲಾಯಿಸಿಕೊಂಡು, ಬೇರೆ ಬೇರೆ ಪಶುರೋಗಗಳ ಲಸಿಕೆಗಳನ್ನು ತಯಾರಿಸುತ್ತ ನಡೆದುಬಂದಿದೆ.

ಇದೇ ಕಾಲದ ಮತ್ತೊಂದು ದಾನವು ಯಶವಂತಪುರದ ದಿಕ್ಕಿನದು. ಜಮ್‌ಷೇಟ್‌ಜಿ ಟಾಟಾರವರು ವಿಜ್ಞಾನಮಂದಿರವೊಂದಕ್ಕೆ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಮೀಸಲಿಟ್ಟು, ಅದು ಏಳುವುದನ್ನು ಕಾಣದೆಯೇ 1904ರಲ್ಲಿ ತೀರಿಕೊಂಡರು. 1907ರಲ್ಲಿ ಮೈಸೂರಿನ ಪ್ರಭುಗಳಿಂದ 371 ಎಕರೆ ಭೂಮಿಯು ದೊರೆತು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಜನರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು. ಭೂಮಿ ಕೊಟ್ಟವರ ಹೆಸರು ಬಾಯಲ್ಲಿ ನಿಲ್ಲಲಿಲ್ಲ.

ಆ ಮಂದಿರದಲ್ಲಿ ನಡೆದ ಒಂದು ಶೋಧನೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಗೆದ್ದ ಕಥೆಯಲ್ಲ. ಎಳೆಯ ಶಿಶುಗಳನ್ನು ವಾಂತಿಭೇದಿಯಿಂದ ಕೊಲ್ಲುವ ರೋಟಾ ಎಂಬ ವೈರಾಣುವೊಂದುಂಟು. ಬೆಂಗಳೂರಿನ ಕೆಲವು ನವಜಾತ ಶಿಶುಗಳಲ್ಲಿ ಆ ವೈರಾಣುವಿದ್ದೂ ರೋಗವಿಲ್ಲದುದನ್ನು ಕಂಡು, ಆ ಸೌಮ್ಯವಾದ ತಳಿಯನ್ನು ಬೇರ್ಪಡಿಸಿದರು. ಅದರ ಹೆಸರು ಐ321. ದೆಹಲಿಯಲ್ಲಿಯೂ ಅಂಥದೇ ತಳಿಯೊಂದು ದೊರೆಯಿತು, ಅದು 116ಇ. 1986ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜೈವಿಕತಂತ್ರಜ್ಞಾನ ಇಲಾಖೆಯೂ ಅಮೆರಿಕೆಯ ಸಹಾಯವೂ ಸೇರಿ ಎರಡಕ್ಕೂ ದ್ರವ್ಯವನ್ನೊದಗಿಸಿದವು. ಶಿಶುಗಳಲ್ಲಿ ಪರೀಕ್ಷಿಸಿದಾಗ ನಮ್ಮ ತಳಿಯು ಸಾಕಷ್ಟು ರಕ್ಷಣಾಶಕ್ತಿಯನ್ನು ಹುಟ್ಟಿಸಲಿಲ್ಲ, ದೆಹಲಿಯದು ಹುಟ್ಟಿಸಿತು. ಅದರಿಂದಾದ ಲಸಿಕೆಯು 2014ರಲ್ಲಿ ಅನುಮತಿಯನ್ನು ಪಡೆದು, 2016ರಿಂದ ಸರ್ಕಾರದ ಲಸಿಕಾ ಕಾರ್ಯದಲ್ಲಿ ಸೇರಿತು. ಹಾಗಾದರೆ ಐ321ಕ್ಕೆ ಸುರಿದ ಹಣ ವ್ಯರ್ಥವೇ? ಎರಡು ಬೀಜಗಳಲ್ಲಿ ಯಾವುದು ಮೊಳೆಯುವುದೆಂದು ತಿಳಿಯುವುದಕ್ಕೆ ಎರಡನ್ನೂ ಬಿತ್ತದೆ ಬೇರೆ ದಾರಿಯುಂಟೆ? ಬಾಗಲೂರಿನ ಕೆಂಪುನೆಲದಲ್ಲಿ ರಾಗಿ ಬೆಳೆದವರಿಗೆ ಇದನ್ನು ನಾನು ವಿವರಿಸಬೇಕಾದುದಿಲ್ಲ.

ಈಗ ಪುನಃ ಬಳ್ಳಾರಿ ರಸ್ತೆಗೆ ಬರೋಣ. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ಒಬೈದ್ ಸಿದ್ದೀಕಿಯವರು ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವುಂಟು. ಅದರ ಮಗ್ಗುಲಲ್ಲಿ 2009ರಲ್ಲಿ ಕೇಂದ್ರ ಸರ್ಕಾರದ ಧನದಿಂದ ಸಿ-ಕ್ಯಾಂಪ್ ಎಂಬ ಸಂಸ್ಥೆಯು ತಲೆಯೆತ್ತಿತು. ಅಣುಗಳನ್ನು ತೂಗುವ ಯಂತ್ರ, ವಂಶವಾಹಿಗಳನ್ನು ಓದುವ ಯಂತ್ರ, ಜೀವಕೋಶದ ಒಳಗನ್ನು ತೋರಿಸುವ ಸೂಕ್ಷ್ಮದರ್ಶಕ, ಇವು ಕೋಟಿಗಳ ಬೆಲೆಯವು, ಒಬ್ಬೊಬ್ಬನೂ ಕೊಳ್ಳಲಾರನು. ಒಂದೆಡೆ ಇಟ್ಟು ಬೇಕಾದವರಿಗೆಲ್ಲ ಬಳಸಲು ಕೊಡುವುದೇ ಇಲ್ಲಿಯ ಪದ್ಧತಿ. ಊರಿಗೆ ಒಂದೇ ಗಾಣವಿದ್ದ ಕಾಲವನ್ನು ಹಿರಿಯರು ಬಲ್ಲರು. 2012ರಲ್ಲಿ ಬೈರಾಕ್ ಎಂಬ ಸರ್ಕಾರೀ ಸಂಸ್ಥೆಯು ಹುಟ್ಟಿ, ಹೊಸ ಕಲ್ಪನೆಯೊಂದನ್ನು ಪರೀಕ್ಷಿಸಿ ನೋಡುವುದಕ್ಕೆ ಹದಿನೆಂಟು ತಿಂಗಳ ಅವಧಿಗೆ 50 ಲಕ್ಷ ರೂಪಾಯಿಗಳವರೆಗೆ ಕೊಡುವ ಏರ್ಪಾಡನ್ನು ಮಾಡಿತು. ಅದು ಸಾಲವಲ್ಲ, ಅನುದಾನ. ಅದನ್ನು ಹಂಚುವ ಹೊಣೆಯಲ್ಲಿ ಸಿ-ಕ್ಯಾಂಪ್ ಸಹ ಪಾಲುಗೊಂಡಿತು.

ಈ ಏರ್ಪಾಡಿನ ಬೆಲೆಯು 2014ರಲ್ಲಿ ಗೊತ್ತಾಯಿತು. ಹೆಬ್ಬಾಳದ ಬಳಿ ಆಸ್ಟ್ರಾಜೆನೆಕಾ ಎಂಬ ವಿದೇಶೀ ಔಷಧ ಕಂಪೆನಿಯು ಕ್ಷಯರೋಗಕ್ಕೆ ಹೊಸ ಮದ್ದನ್ನು ಅರಸುವ ಶೋಧನಾಲಯವನ್ನು ನಡೆಸುತ್ತಿತ್ತು. ಕ್ಷಯವು ಬಡವರ ರೋಗ. ಅದರಲ್ಲಿ ಲಾಭವು ಅಲ್ಪ. ಆ ವರ್ಷದ ಆದಿಯಲ್ಲಿ ಕಂಪೆನಿಯವರು ಬೆಂಗಳೂರಿನ ಶೋಧನೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ನೂರಕ್ಕೂ ಮೀರಿದ ಉದ್ಯೋಗಿಗಳ ವರ್ಷಗಳ ದುಡಿಮೆಯು ನಡುದಾರಿಯಲ್ಲಿ ನಿಂತಿತು. ಕಂಪೆನಿಯನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಲಾಭಕ್ಕಾಗಿ ಹೂಡಿದ ಹಣವು ಲಾಭವಿಲ್ಲದೆಡೆ ನಿಲ್ಲುವುದಿಲ್ಲ. ಆದರೆ ಅಲ್ಲಿಂದ ಹೊರಬಂದವರಲ್ಲಿ ಕೆಲವರು ಅದೇ ವರ್ಷ ಬಗ್‌ವರ್ಕ್ಸ್ ಎಂಬ ಚಿಕ್ಕ ಕಂಪೆನಿಯನ್ನು ಕಟ್ಟಿ, ಸಿ-ಕ್ಯಾಂಪಿನ ಆಶ್ರಯದಲ್ಲಿ ನೆಲೆಗೊಂಡರು. ಇದ್ದ ಔಷಧಗಳಿಗೆ ಬಗ್ಗದ ಕ್ರಿಮಿಗಳನ್ನು ಕೊಲ್ಲುವ ಹೊಸ ಮದ್ದನ್ನು ಹುಡುಕುವುದು ಅವರ ಉದ್ಯೋಗ. 2017ರಲ್ಲಿ ಅಮೆರಿಕೆಯ ಕಾರ್ಬ್-ಎಕ್ಸ್ ಎಂಬ ನಿಧಿಯು ಅವರಿಗೆ ಸಹಾಯಧನವನ್ನು ನೀಡಿತು. ಒಂದು ಬಾಗಿಲು ಮುಚ್ಚಿದಾಗ ಮೂರು ನಾಲ್ಕು ಮೈಲಿಗಳ ಅಂತರದಲ್ಲಿ ಮತ್ತೊಂದು ತೆರೆದಿದ್ದುದು ದೈವಯೋಗವಲ್ಲ. ಐದು ವರ್ಷಗಳ ಮುಂಚೆ ಯಾರೋ ಕೊಟ್ಟಿದ್ದ ಹಣದ ಫಲ.

ಖಾಸಗಿ ದಾನಿಗಳೂ ಇಲ್ಲದಿಲ್ಲ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ವಿಜ್ಞಾನ ಸಂಸ್ಥೆಗೆ 800 ಹಾಸಿಗೆಗಳ ಆಸ್ಪತ್ರೆಗೂ ವೈದ್ಯ ವಿದ್ಯಾಲಯಕ್ಕೂ 425 ಕೋಟಿ ರೂಪಾಯಿಗಳನ್ನು ಕೊಡುವುದಾಗಿ ಪ್ರಕಟಿಸಿದರು. ಅದಕ್ಕೆ ಮುಂಚೆ ಕ್ರಿಸ್ ಗೋಪಾಲಕೃಷ್ಣನ್‌ರವರ ಪ್ರತೀಕ್ಷಾ ಟ್ರಸ್ಟ್ ಅಲ್ಲಿಯೇ ಮಿದುಳಿನ ಸಂಶೋಧನೆಗೆ 225 ಕೋಟಿಗಳನ್ನು ಒದಗಿಸಿತ್ತು. ಆ ಧನದಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಣ ಹಳ್ಳಿಗಳಲ್ಲಿ, 45 ವರ್ಷಗಳನ್ನು ದಾಟಿದ ಹತ್ತು ಸಾವಿರ ಜನರನ್ನು ಬಹುವರ್ಷಗಳ ಕಾಲ ಪರೀಕ್ಷಿಸುತ್ತ, ಮುಪ್ಪಿನ ಮರೆವು ಹೇಗೆ ಆರಂಭವಾಗುವುದೆಂದು ಅರಿಯುವ ಕಾರ್ಯವು 2018ರಲ್ಲಿ ಮೊದಲಾಯಿತು. ಮಾವಿನ ತೋಪುಗಳಲ್ಲಿ ದುಡಿಯುವ ರೈತರು, ಮುದುಕಿಯರು ಬಂದು ನೆತ್ತರು ಕೊಟ್ಟು, ಕೇಳಿದ ಪ್ರಶ್ನೆಗಳಿಗೆಲ್ಲ ನೆನಪಿಸಿಕೊಂಡು ಉತ್ತರ ಹೇಳಿ, ಗೊತ್ತಾದ ಕಾಲಕ್ಕೆ ಮತ್ತೆ ಬರುವರು. ಅವರಿಗೆ ಅದರ ಫಲವು ದೊರೆಯುವುದೋ ಇಲ್ಲವೋ, ಬರುವರು. ದಾನಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲದುದರಿಂದ ಇಲ್ಲಿ ಬರೆದಿಟ್ಟಿದ್ದೇನೆ.