ಕಚೇರಿ ಗಣಕಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಕೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕೆಂಭಾವಿಯಂತಹ ಹೋಬಳಿ ಕೇಂದ್ರಗಳಲ್ಲಿ ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳಿಗಾಗಿ ಸಾರ್ವಜನಿಕರು ನಾಡಕಚೇರಿಯನ್ನು ಅವಲಂಬಿಸಿರುತ್ತಾರೆ. ಹೋಬಳಿ ಮಟ್ಟದ ಕಚೇರಿಗಳಲ್ಲಿ ಹಳೆಯ ಗಣಕಯಂತ್ರಗಳ ಹಾರ್ಡ್ ಡಿಸ್ಕ್ ತೆಗೆದು ಸಾಲಿಡ್ ಸ್ಟೇಟ್ ಡ್ರೈವ್ (ಎಸ್‌ಎಸ್‌ಡಿ) ಅಳವಡಿಸುವಾಗ ಅರ್ಜಿದಾರರಲ್ಲಿ ಎರಡು ಪ್ರಶ್ನೆಗಳು ಮೂಡುವುದು ಸಹಜ: ನಮ್ಮ ದಾಖಲೆ ಅಳಿಸಿಹೋಗುವುದೇ? ಕೆಲಸ ಬೇಗ ಆಗುವುದೇ? ಇವುಗಳಿಗೆ ಉತ್ತರವನ್ನೂ, ತೆಗೆದ ಹಳೆಯ ಡಿಸ್ಕ್ ಕುರಿತು ವಹಿಸಬೇಕಾದ ಎಚ್ಚರಿಕೆಯನ್ನೂ ಇಲ್ಲಿ ವಿವರಿಸಲಾಗಿದೆ.

2. ದಾಖಲೆಗಳು ಇರುವ ಸ್ಥಳ

2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆಗ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿ ಇರುತ್ತಿತ್ತು. ತರುವಾಯ ಅದನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕ್ರೋಡೀಕರಿಸಲಾಯಿತು. 2012ರಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಅರ್ಜಿಗಳೂ ಜಾಲದ ಮೂಲಕ ಕೇಂದ್ರೀಯ ಸರ್ವರ್‌ಗೆ ಸೇರುತ್ತವೆ. ಆದುದರಿಂದ ಕೌಂಟರಿನ ಗಣಕಯಂತ್ರದ ಡಿಸ್ಕ್ ಬದಲಾದ ಮಾತ್ರಕ್ಕೆ ಯಾರ ಪಹಣಿಯೂ, ಸ್ವೀಕೃತವಾದ ಯಾವ ಅರ್ಜಿಯೂ ಅಳಿಯುವುದಿಲ್ಲ.

3. ಎರಡು ಸಾಧನಗಳ ವ್ಯತ್ಯಾಸ

ಹಾರ್ಡ್ ಡಿಸ್ಕ್‌ನಲ್ಲಿ ಕಾಂತೀಯ ಲೇಪನವಿರುವ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಬೇಕಾದ ಮಾಹಿತಿ ಇರುವ ಸ್ಥಳಕ್ಕೆ ಓದುವ ಹೆಡ್ ಚಲಿಸಿ ತಲುಪಬೇಕು. ಇದಕ್ಕೆ ಪ್ರತಿ ಬಾರಿ ಸುಮಾರು 10 ಮಿಲಿಸೆಕೆಂಡ್ ತಗಲುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲ. ಮಾಹಿತಿಯು ಫ್ಲ್ಯಾಶ್ ಚಿಪ್‌ಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ಇರುವುದರಿಂದ ಅದೇ ಕೆಲಸ ಅನೇಕ ಪಟ್ಟು ಬೇಗ ಮುಗಿಯುತ್ತದೆ. ಅಲುಗಾಟದಿಂದ ಕೆಡುವ ಸಂಭವವೂ ಕಡಿಮೆ.

ಆದರೆ ಎಸ್‌ಎಸ್‌ಡಿಗೂ ಮಿತಿಗಳಿವೆ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಹಲವು ವೇಳೆ ಕಟಕಟ ಸದ್ದು ಮಾಡುತ್ತದೆ. ಎಸ್‌ಎಸ್‌ಡಿಯಾದರೋ ಸದ್ದಿಲ್ಲದೆ ಒಮ್ಮೆಲೇ ಸ್ಥಗಿತಗೊಳ್ಳಬಹುದು. ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಕಡತ ಕೆಡಬಹುದು. ವಿದ್ಯುತ್ ಸಂಪರ್ಕವಿಲ್ಲದೆ ಬಹುಕಾಲ ಬಿಸಿಲಿನ ತಾಪದಲ್ಲಿಟ್ಟರೆ ಸಂಗ್ರಹಿಸಿದ ಮಾಹಿತಿ ಕ್ರಮೇಣ ಕ್ಷೀಣಿಸಬಹುದು. ಆದ್ದರಿಂದ ಯುಪಿಎಸ್ ವ್ಯವಸ್ಥೆ ಹಾಗೂ ಕಡತಗಳ ಪ್ರತ್ಯೇಕ ನಕಲು ಎರಡೂ ಅವಶ್ಯಕ.

4. ಬದಲಾವಣೆಯಿಂದ ವೇಗಗೊಳ್ಳುವ ಮತ್ತು ವೇಗಗೊಳ್ಳದ ಕೆಲಸಗಳು

ಅ) ವೇಗಗೊಳ್ಳುವವು: ಗಣಕಯಂತ್ರ ಆರಂಭವಾಗುವುದು, ತಂತ್ರಾಂಶ ತೆರೆಯುವುದು, ಸ್ಕ್ಯಾನ್ ಮಾಡಿದ ದಾಖಲೆಯನ್ನು ಉಳಿಸುವುದು ಮತ್ತು ತೆರೆಯುವುದು.

ಆ) ವೇಗಗೊಳ್ಳದವು: ಅಂತರಜಾಲ ಸಂಪರ್ಕ, ಕೇಂದ್ರೀಯ ಸರ್ವರ್‌ನ ಪ್ರತಿಕ್ರಿಯೆ, ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ಪರಿಶೀಲನೆ.

‘ಸರ್ವರ್ ಇಲ್ಲ’ ಎಂಬ ತೊಂದರೆಗೆ ಡಿಸ್ಕ್ ಬದಲಾವಣೆ ಪರಿಹಾರವಲ್ಲ. ಅಂತೆಯೇ, ಯಂತ್ರ ಹಳೆಯದೆಂಬುದು ನಿಗದಿತ ಅವಧಿ ಮೀರಲು ಕಾರಣವಾಗಬಾರದು. ‘ಸಕಾಲ’ ವ್ಯವಸ್ಥೆಗೆ ಆಧಾರವಾದ ಸೇವಾ ಖಾತರಿ ಅಧಿನಿಯಮ, 2011ರಡಿ ಅಧಿಸೂಚಿತ ಸೇವೆಗೆ ಕಾಲಮಿತಿ ಇದ್ದು, ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ.

5. ತೆಗೆದ ಹಳೆಯ ಡಿಸ್ಕ್ ಬಗ್ಗೆ ಎಚ್ಚರಿಕೆ

ಮೂಲ ದತ್ತಾಂಶವು ಸರ್ವರ್‌ನಲ್ಲಿದ್ದರೂ, ಆಧಾರ್ ಮತ್ತು ಪಡಿತರ ಚೀಟಿಗಳ ಸ್ಕ್ಯಾನ್ ಪ್ರತಿಗಳು, ಮುದ್ರಣಕ್ಕೆಂದು ಇಳಿಸಿಕೊಂಡ ಕಡತಗಳು, ಪತ್ರಗಳ ಕರಡುಗಳು ಕೌಂಟರಿನ ಡಿಸ್ಕ್‌ನಲ್ಲಿ ಉಳಿದಿರಬಹುದು. ಕಡತ ಅಳಿಸಿದರೂ, ತ್ವರಿತ ಫಾರ್ಮ್ಯಾಟ್ ಮಾಡಿದರೂ ಹಾರ್ಡ್ ಡಿಸ್ಕ್‌ನಿಂದ ಅವು ಪೂರ್ಣವಾಗಿ ಹೋಗುವುದಿಲ್ಲ. ಸುಲಭವಾಗಿ ದೊರೆಯುವ ತಂತ್ರಾಂಶಗಳಿಂದಲೇ ಮರಳಿ ಪಡೆಯಬಹುದು. ಗುಜರಿಗೆ ಹೋದ ಒಂದು ಡಿಸ್ಕ್ ಮೂಲಕ ಹಲವು ಕುಟುಂಬಗಳ ಗುರುತಿನ ದಾಖಲೆಗಳು ಅನ್ಯರ ಕೈಸೇರುವ ಅಪಾಯವಿದೆ.

ಹಾರ್ಡ್ ಡಿಸ್ಕ್ ಆಗಿದ್ದಲ್ಲಿ ಇಡೀ ಡಿಸ್ಕ್ ಮೇಲೆ ಹೊಸ ದತ್ತಾಂಶ ಬರೆದು ಅಳಿಸಬೇಕು, ಪ್ರಬಲ ಕಾಂತಕ್ಷೇತ್ರದಿಂದ ನಿಷ್ಕ್ರಿಯಗೊಳಿಸಬೇಕು ಅಥವಾ ಪುಡಿ ಮಾಡಬೇಕು. ಎಸ್‌ಎಸ್‌ಡಿಯ ಮೇಲೆ ಕಾಂತಕ್ಷೇತ್ರದ ಪರಿಣಾಮವಿಲ್ಲ. ಮೇಲೆ ಬರೆದರೂ ಹಳೆಯ ದತ್ತಾಂಶ ಕೆಲವು ಕೋಶಗಳಲ್ಲಿ ಉಳಿಯಬಹುದು. ಆದ್ದರಿಂದ ಅದನ್ನು ವಿಲೇವಾರಿ ಮಾಡುವಾಗ ಸಾಧನದಲ್ಲೇ ಅಡಕವಾಗಿರುವ ಸುರಕ್ಷಿತ ಅಳಿಸುವಿಕೆ ಆದೇಶವನ್ನು ಬಳಸಬೇಕು ಇಲ್ಲವೇ ಚಿಪ್‌ಗಳನ್ನು ನಾಶಪಡಿಸಬೇಕು. ಅನಂತರವೇ ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಒಪ್ಪಿಸುವುದು ಸರಿಯಾದ ಕ್ರಮ. ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ದಿನಾಂಕ 1-4-2023ರಿಂದ ಜಾರಿಯಲ್ಲಿವೆ.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರ ಪಡೆದು, ಅದರಲ್ಲಿನ ಸಂಖ್ಯೆಯನ್ನು ಕಾಯ್ದಿಡತಕ್ಕದ್ದು. ಸ್ವೀಕೃತಿ ಬರುವ ಮೊದಲೇ ಯಂತ್ರ ಸ್ಥಗಿತಗೊಂಡಿದ್ದರೆ ಅರ್ಜಿ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.

2) ಮೂಲ ದಾಖಲೆಗಳನ್ನು ಪರಿಶೀಲನೆಗೆ ತೋರಿಸಿ ಹಿಂಪಡೆಯುವುದು.

3) ಪೂರ್ಣ ಆಧಾರ್ ಸಂಖ್ಯೆ ಅಗತ್ಯವಿಲ್ಲದ ಕಡೆ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿ ನೀಡುವುದು.

4) ಖಾಸಗಿ ಸೈಬರ್ ಕೇಂದ್ರದಲ್ಲಿ ಅರ್ಜಿ ತುಂಬಿಸಿದಲ್ಲಿ, ಅಲ್ಲಿ ಉಳಿದ ಸ್ಕ್ಯಾನ್ ಪ್ರತಿಗಳನ್ನು ತಮ್ಮ ಎದುರಿನಲ್ಲಿಯೇ ಅಳಿಸುವಂತೆ ಕೇಳುವುದು. ಸಂಪೂರ್ಣ ರಕ್ಷಣೆ ಇದರಿಂದ ದೊರೆಯದಿದ್ದರೂ ದುರ್ಬಳಕೆಯ ಸಾಧ್ಯತೆ ಕಡಿಮೆಯಾಗುತ್ತದೆ.

5) ಶಾಲಾ-ಕಾಲೇಜು ಪ್ರವೇಶಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

ಗಣಕಯಂತ್ರದ ಭಾಗಗಳು ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿದಾರರ ಕೈಯಲ್ಲಿರುವ ಸ್ವೀಕೃತಿ ಪತ್ರವೇ ಅವರ ಹಕ್ಕಿಗೆ ಆಧಾರ. ಅದನ್ನು ಸೇವೆ ದೊರೆಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ.